ಸತ್ತ ಕೀಲಿ

ಪೆನಿಶೆಯ ಬಂದರಿನ ಹಿಂದೆ, ಐಸ್ ಫ್ಯಾಕ್ಟರಿಗೆ ಬೆನ್ನು ಕೊಟ್ಟು ನಿಂತ
ನಮ್ಮ ಮುದ್ರಣದಂಗಡಿಯಲ್ಲಿ
ಬೆಳಗ್ಗೆ ಮದುವೆ ಕಾಗದ, ಮೀನಿನ ದರಪಟ್ಟಿ,
ಸಂಜೆ ಹೆಚ್ಚಾಗಿ ಸಾವು.
ಇಲ್ಲಿ ಯಾರು ಸತ್ತರೂ ಮೊದಲು ಗೋಡೆಗೆ ಗೊತ್ತಾಗಬೇಕು:
ಅಂಗೈಯಗಲದ ಫೋಟೊ, ಹೆಸರು, ಮಣ್ಣು ಮಾಡುವ ಹೊತ್ತು,
ಕೆಳಗೆ ಅಳುವವರ ಯಾದಿ.

ಹಳೆಯ ಕೀಲಿಮಣೆಯಲ್ಲಿ ಒಂದು ಕೀಲಿ ಇತ್ತು.
ಒತ್ತಿದರೆ ಏನೂ ಮೂಡದು.
ಹೊಸಬರು ಗಾಬರಿಬಿದ್ದು ಮತ್ತೆ ಮತ್ತೆ ಒತ್ತುವರು.
ಅದು ಕಾಯುತ್ತಿತ್ತು, ಅಷ್ಟೆ:
ಮುಂದಿನ ಸ್ವರ ಬಂದು ಕೂತ ಮೇಲೆ
ಅದರ ನೆತ್ತಿಗೊಂದು ಗೀಟು ಇಟ್ಟು ಸುಮ್ಮನಾಗಲು.
ನಮ್ಮ ಭಾಷೆಯಲ್ಲಿ ಅದಕ್ಕೆ ಸತ್ತ ಕೀಲಿ ಎಂದೇ ಹೆಸರು.

ಫೆಬ್ರುವರಿಯಲ್ಲಿ ಅದರ ಮೇಲೆ ಕಾಫಿ ಚೆಲ್ಲಿದೆ.
ಯಜಮಾನ ವಿರ್ಗೊಲೀನು ರಾಟರ್‌ಡ್ಯಾಮಿನ ಭಾವಮೈದನಿಂದ
ಪುಕ್ಕಟೆ ಒಂದು ಲ್ಯಾಪ್‌ಟಾಪ್ ತರಿಸಿದ.
ಅದಕ್ಕೆ ನಮ್ಮ ಗೀಟುಗಳ ಪರಿಚಯವೇ ಇಲ್ಲ.
ಗೀಟು ಒತ್ತಿದರೆ ಬರೀ ಗೀಟು, ಒ ಒತ್ತಿದರೆ ಬರೀ ಒ,
ಮುನಿಸಿಕೊಂಡ ಗಂಡಹೆಂಡಿರ ಹಾಗೆ
ಒಂದೇ ಸಾಲಿನಲ್ಲಿ, ಬೇರೆ ಬೇರೆ.
ಸೆಟ್ಟಿಂಗ್ಸಿನ ಬಾವಿಗೆ ಇಳಿದೆ, ಹತ್ತಿದೆ, ಮತ್ತೆ ಇಳಿದೆ.
ಒಂದು ದಿನ ಪರದೆ ತುಂಬ ಪ್ರಶ್ನೆ ಚಿಹ್ನೆಗಳೆದ್ದವು:
'ಹೃದಯ'ದಲ್ಲಿ ಎರಡು,
'ತಾಯಿ'ಯಲ್ಲಿ ಒಂದು.

ಕೊನೆಗೊಂದು ಫೈಲು ಮಾಡಿಕೊಂಡೆ. ಹೆಸರು 'ಡಬ್ಬಿ'.
ಹಳೆಯ ತಿಥಿಪತ್ರ, ಮೆನು, ಬಾಡಿಗೆ ಕರಾರುಗಳಿಂದ
ಒಂದೊಂದೇ ಅಕ್ಷರ ಬಿಚ್ಚಿ ತಂದು ಸಾಲಾಗಿ ಇಟ್ಟೆ,
ಅಮ್ಮ ಹರಿದ ಅಂಗಿಗಳ ಗುಂಡಿ ಬಿಚ್ಚಿಡುತ್ತಿದ್ದಂತೆ.
ಬಾಲವಿರುವ ಸಿ. ಅಲೆ ಹೊತ್ತ ಎ.
ಗೀಟಿನ ಒ, ಅದರ ಪಕ್ಕದಲ್ಲೇ ಮಾಡಿನ ಒ.
ಹೆಕ್ಕು, ನಕಲಿಸು, ಅಂಟಿಸು.
ಒಂದು ಹೆಸರು ಮುಗಿಯುವುದರೊಳಗೆ ಮೂರು ಸಲ ಡಬ್ಬಿಗೆ ಕೈ.

ತಿಬೂರ್ಸಿಯು ತೀರಿಕೊಂಡ ಸಂಜೆ
ಅವನ ಹೆಂಡತಿ ಅದೊಸಿಂದ ಬಂದಳು, ಕರಿಯ ಶಾಲು, ಕೈಯಲ್ಲಿ ಚೀಟಿ.
ಮೊಮ್ಮಕ್ಕಳಿಗೆ ಫೋಟೊದಡಿ ಒಂದೇ ಪದ ಬೇಕಂತೆ: ಅವೊ.
ಈ ಪದದ ಗ್ರಹಚಾರ ನೋಡಿ.
ನೆತ್ತಿಯ ಮೇಲೆ ಒಂಟಿ ಗೀಟಿದ್ದರೆ ಅಜ್ಜಿ.
ಗೀಟಿಗೆ ಗೀಟು ಒರಗಿ ಪುಟ್ಟ ಮಾಡಾದರೆ ಅಜ್ಜ.
ಏನೂ ಇಲ್ಲದೆ ಬೋಳಾದರೆ ಲೆಕ್ಕದ ಪುಸ್ತಕದ ಚೂರು,
ಹನ್ನೆರಡರಲ್ಲೊಂದು ಪಾಲು ಎನ್ನುವಾಗ ಕೊನೆಗೆ ಬರುವ ಬಾಲ.

ಆರೂಮುಕ್ಕಾಲು. ಅಂಟು ಕಲಸಿಕೊಂಡು ಹುಡುಗ ಬಾಗಿಲಲ್ಲಿ.
ಡಬ್ಬಿಗೆ ಕೈ ಹಾಕಿದೆ.

ಮರುದಿನ ಕೆಲಸಕ್ಕೆ ಬರುವಾಗ ಅಂಚೆ ಕಚೇರಿಯ ಗೋಡೆಯ ಮೇಲೆ
ಪೊದೆಮೀಸೆಯ ತಿಬೂರ್ಸಿಯು, ಅಡಿಗೆ ದಪ್ಪಕ್ಷರದಲ್ಲಿ
ಅಜ್ಜಿ.
ಹೀಗೆ ನಲವತ್ತು ಕಡೆ.

ಒಂಬತ್ತಕ್ಕೆ ಅದೊಸಿಂದ ಒಳಗೆ ಬಂದಳು.
ಬೈಗುಳಕ್ಕೆ ತಲೆ ತಗ್ಗಿಸಿ ನಿಂತೆ.
ಅವಳು ಮೇಜಿನ ಮೇಲಿದ್ದ ಕಪ್ಪು ಮಾರ್ಕರ್ ಎತ್ತಿಕೊಂಡು,
"ಇನ್ನೊಂದು ಗೀಟು ತಾನೆ ಬೇಕಾಗಿರೋದು? ನಡಿ," ಎಂದಳು.

ಗಾಳಿಗೆ ಏಳುವ ಕಾಗದದ ತುದಿಯನ್ನು ಅವಳು ಒತ್ತಿ ಹಿಡಿದಳು,
ನಾನು ಗೀಟು ಎಳೆದೆ.
ಇಗರ್ಜಿ, ಔಷಧಿ ಅಂಗಡಿ, ಬಲೆ ಹೆಣೆಯುವವರ ಕಟ್ಟೆ.
ಎಡದಿಂದ ಮೇಲಕ್ಕೊಂದು ಚಿಕ್ಕ ಎಳೆತ, ಅಜ್ಜ ಮರಳಿ ಬರುತ್ತಿದ್ದ.
ಕೆಲವು ಕಡೆ ಮಾಡು ಸೊಟ್ಟಗಾಯಿತು, ಹಾಗೇ ಬಿಟ್ಟೆವು.

ಕೊನೆಯದು ಮೀನು ಡಬ್ಬಿ ಕಾರ್ಖಾನೆಯ ಗೇಟಿನಲ್ಲಿ.
ಮಾರ್ಕರ್ ಎತ್ತಿದೆ. ಅವಳು ಮಣಿಕಟ್ಟು ಹಿಡಿದಳು.
"ಇದೊಂದು ಇರ್ಲಿ.
ಮೂವತ್ತೊಂದು ವರ್ಷ ಇದರೊಳಗೆ ಸಾರ್ಡೀನಿನ ತಲೆ ಕತ್ತರಿಸ್ದೋಳು ನಾನು.
ಮನೇಲಿ ಮಕ್ಕಳ ಮೂಗು, ಮೊಮ್ಮಕ್ಕಳ ಮೂಗು
ಒರೆಸ್ದೋರು ಯಾರು ಅಂದ್ಕೊಂಡೆ?"

ಮುಚ್ಚಳ ಒತ್ತಿ, ಮಾರ್ಕರನ್ನು ತನ್ನ ಚೀಲಕ್ಕೆ ಹಾಕಿಕೊಂಡಳು.
ಅದು ಅಂಗಡಿಯದು.
ಕೇಳಲಿಲ್ಲ ನಾನು.